ಅರ್ಧ ಮಿಲಿಮೀಟರ್ ಕೂಡ ಇಲ್ಲದ ನೊಣ: ಇದು ಹೊಸ ಪ್ರಭೇದ ಅಂತ ಗೊತ್ತಾಗುವುದು ಹೇಗೆ?

[ಪರದೆ ಮೇಲೆ: ಒಂದು ಮಿಲಿಮೀಟರ್ ಉದ್ದದ ಗೆರೆ. ಪಕ್ಕದಲ್ಲಿ ಅದರ ಅರ್ಧದಷ್ಟೂ ಇಲ್ಲದ ಕಂದು ಚುಕ್ಕೆ.]

ನಮಸ್ಕಾರ. ಈ ಚುಕ್ಕೆ ಒಂದು ನೊಣ. ಮರಿಯಲ್ಲ, ಪೂರ್ತಿ ಬೆಳೆದ ನೊಣ. ಉದ್ದ 0.4 ಮಿಲಿಮೀಟರ್. ಇದು ಸಿಕ್ಕಿದ್ದು ಥಾಯ್ಲೆಂಡಿನಲ್ಲಿ. 2012ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದವರು ಲಾಸ್ ಏಂಜಲೀಸ್ ಮ್ಯೂಸಿಯಂನ ಬ್ರಯಾನ್ ಬ್ರೌನ್. ಆಗ ಗೊತ್ತಿದ್ದ ನೊಣಗಳಲ್ಲೆಲ್ಲ ಇದೇ ಚಿಕ್ಕದು. 2018ರಲ್ಲಿ ಅವರೇ ಬ್ರೆಜಿಲ್‌ನ ಅಮೆಜಾನ್ ಕಾಡಿನಿಂದ 0.395 ಮಿಲಿಮೀಟರಿನ ಇನ್ನೊಂದು ನೊಣವನ್ನು ವಿವರಿಸಿದರು. ಅದರ ಮುಂಗಾಲುಗಳು ಉಬ್ಬಿಕೊಂಡಿವೆ. ಅದಕ್ಕೇ ದೇಹದಾರ್ಢ್ಯಕ್ಕೆ ಹೆಸರಾದ ನಟ ಆರ್ನಾಲ್ಡ್ ಶ್ವಾರ್ಜನೆಗ್ಗರ್ ನೆನಪಿಗೆ ಅರ್ನಾಲ್ಡಿ ಎಂದು ಹೆಸರಿಟ್ಟರು.

ಇಷ್ಟು ಸಣ್ಣ ಪ್ರಾಣಿಯನ್ನು ನೋಡಿ, ಇದನ್ನು ಈವರೆಗೆ ಯಾರೂ ವಿವರಿಸಿಲ್ಲ ಎಂದು ಒಬ್ಬರು ಧೈರ್ಯವಾಗಿ ಹೇಳುವುದು ಹೇಗೆ? ಇವತ್ತಿನ ವಿಡಿಯೋ ಅದರ ಬಗ್ಗೆಯೇ.

[ದೃಶ್ಯ: ಕಾಡಿನ ನಡುವೆ ಡೇರೆಯಂಥ ಬಲೆ.]

ಮೊದಲು ನೊಣ ಸಿಗಬೇಕು. ಇದರ ಹೆಸರು ಮಲೇಸ್ ಟ್ರ್ಯಾಪ್. ಸ್ವೀಡನ್ನಿನ ಕೀಟತಜ್ಞ ರೆನೆ ಮಲೇಸ್ 1930ರ ದಶಕದಲ್ಲಿ ಕಂಡುಹಿಡಿದದ್ದು. ಹಾರಿ ಬಂದ ಕೀಟ ಬಲೆಯ ಗೋಡೆಗೆ ತಗುಲಿದರೆ ಹಿಂದೆ ತಿರುಗುವುದಿಲ್ಲ. ಬೆಳಕಿನ ಕಡೆ, ಮೇಲಕ್ಕೆ ಹತ್ತುತ್ತದೆ. ತುದಿಯಲ್ಲಿ ಆಲ್ಕೋಹಾಲ್ ತುಂಬಿದ ಬಾಟಲಿ ಇರುತ್ತದೆ.

ಉಷ್ಣವಲಯದ ಕಾಡಿನಲ್ಲಿ ಆ ಬಾಟಲಿ ತೆರೆದರೆ ತಲೆ ತಿರುಗುವಷ್ಟು ನೊಣಗಳು. ಕೋಸ್ಟರಿಕಾದ ಝುರ್ಕಿ ಎಂಬಲ್ಲಿ ಮೋಡ ಕವಿದಿರುವ ಬೆಟ್ಟದ ಕಾಡಿದೆ. ಅಲ್ಲಿನ ಬರೀ 4 ಹೆಕ್ಟೇರ್ ಜಾಗವನ್ನು ಹಲವು ತಜ್ಞರು ಸೇರಿ ಸೋಸಿದಾಗ ಸಿಕ್ಕಿದ್ದು 4,332 ಪ್ರಭೇದದ ನೊಣಗಳು, ಸೊಳ್ಳೆ ಜಾತಿಯವೂ ಸೇರಿ. ಈ ಲೆಕ್ಕ 2018ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಬಹಳಷ್ಟಕ್ಕೆ ಇನ್ನೂ ಹೆಸರೇ ಇಲ್ಲ. ಅಂದರೆ ಹೊಸ ನೊಣ ಸಿಗುವುದು ಅಪರೂಪವಲ್ಲ. ಅದು ಹೊಸದು ಎಂದು ತೋರಿಸಿಕೊಡುವುದೇ ಕಷ್ಟ.

[ದೃಶ್ಯ: ಮೈಕ್ರೋಸ್ಕೋಪ್ ಕೆಳಗೆ ಒಂದು ನೊಣ, ರೆಕ್ಕೆ ಬಿಚ್ಚಿಕೊಂಡಿದೆ.]

ಈಗ ಗುರುತಿಸುವ ಕೆಲಸ. ಒಂದೇ ಜೋಡಿ ರೆಕ್ಕೆ, ಹಿಂದಿನ ಜೋಡಿಯ ಜಾಗದಲ್ಲಿ ಗುಂಡುತಲೆಯ ಎರಡು ಪುಟ್ಟ ಕಡ್ಡಿಗಳು. ಹಾರುವಾಗ ಸಮತೋಲನ ಕಾಯುವುದು ಇವೇ. ಇಷ್ಟು ಕಂಡರೆ ಅದು ನೊಣಗಳ ಗಣ. ಆಮೇಲೆ ರೆಕ್ಕೆಯ ನರಗಳು ಎಲ್ಲಿ ಕವಲೊಡೆಯುತ್ತವೆ, ಅಂಚಿನ ನರ ಎಲ್ಲಿ ತುಂಡಾಗಿದೆ ಎಂದು ನೋಡಬೇಕು. ಮೈಮೇಲಿನ ಬಿರುಗೂದಲು ಎಷ್ಟು ಸಾಲು, ಯಾವ ಕಡೆ ಬಾಗಿವೆ ಎಂಬುದೂ ಬೇಕು. ಕೂದಲು ಉದುರಿಹೋಗಿದ್ದರೂ ಅದು ಇದ್ದ ಜಾಗದಲ್ಲಿ ಸಣ್ಣ ಕುಳಿ ಉಳಿದಿರುತ್ತದೆ. ಅದನ್ನೇ ಎಣಿಸುತ್ತಾರೆ. ಇದೆಲ್ಲ ಸೇರಿದರೆ ಕುಟುಂಬ ಮತ್ತು ಕುಲದವರೆಗೆ ಬರಬಹುದು.

ಬಣ್ಣವನ್ನು ಮಾತ್ರ ಜಾಸ್ತಿ ನಂಬಬಾರದು. ಈಗಷ್ಟೇ ಗೂಡಿನಿಂದ ಹೊರಬಂದ ನೊಣ ಪೇಲವವಾಗಿರುತ್ತದೆ. ಆಲ್ಕೋಹಾಲ್‌ನಲ್ಲಿ ಬಹಳ ದಿನ ಇದ್ದರೆ ಬಣ್ಣ ಮಾಸುತ್ತದೆ. ಕೆಲವು ಹಣ್ಣುನೊಣಗಳಂತೂ ತಂಪಿನಲ್ಲಿ ಬೆಳೆದರೆ ಕಪ್ಪಾಗುತ್ತವೆ, ಬಿಸಿಯಲ್ಲಿ ಬೆಳೆದರೆ ತಿಳಿಬಣ್ಣಕ್ಕಿರುತ್ತವೆ. ಪ್ರಭೇದ ಒಂದೇ.

ಹಾಗಾದರೆ ಕುಲದಿಂದ ಮುಂದೆ, ಪ್ರಭೇದದವರೆಗೆ ಹೋಗುವುದು ಹೇಗೆ? ಬಹಳ ಸಲ ಉತ್ತರ ಇರುವುದು ಗಂಡು ನೊಣದ ಹೊಟ್ಟೆಯ ತುದಿಯಲ್ಲಿ, ಅಂದರೆ ಜನನಾಂಗದಲ್ಲಿ. ಆ ಭಾಗವನ್ನು ಬಿಡಿಸಿ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಇಡುತ್ತಾರೆ. ಮಾಂಸವೆಲ್ಲ ಕರಗಿ ಗಟ್ಟಿ ಕವಚ ಮಾತ್ರ ಉಳಿಯುತ್ತದೆ. ಅದನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಮೈಕ್ರೋಸ್ಕೋಪ್ ಕೆಳಗೆ ಬದಿಯಿಂದ, ಹಿಂದಿನಿಂದ, ಕೆಳಗಿನಿಂದ ತಿರುಗಿಸಿ ನೋಡಿ ಚಿತ್ರ ಬಿಡಿಸುತ್ತಾರೆ.

[ದೃಶ್ಯ: ಎರಡು ನೊಣ ಅಕ್ಕಪಕ್ಕ. ನೋಡಲು ಒಂದೇ ಥರ.]

ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಈ ಎರಡು ನೊಣಗಳೇ ಸಾಕ್ಷಿ. ಒಂದು ಡ್ರೊಸಾಫಿಲಾ ಮೆಲನೊಗ್ಯಾಸ್ಟರ್. ಆಫ್ರಿಕಾದ ಬಿಸಿನಾಡಿನಿಂದ ಹೊರಟು ಜಗತ್ತೆಲ್ಲ ಹರಡಿದ ಹಣ್ಣುನೊಣ. ಜರ್ಮನಿಯ ಕೀಟತಜ್ಞ ಮೈಗೆನ್ ಇದಕ್ಕೆ ಹೆಸರಿಟ್ಟಿದ್ದು 1830ರಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ತಳಿವಿಜ್ಞಾನಿ ಥಾಮಸ್ ಮಾರ್ಗನ್ ಅವರ ಲ್ಯಾಬ್‌ನಲ್ಲಿ ಇದನ್ನು ಸಾಕಿ, ತಳಿ ಎಬ್ಬಿಸಿ, ಕೂಲಂಕಷವಾಗಿ ನೋಡಿದರು. ಜಗತ್ತಿನಲ್ಲಿ ಇಷ್ಟು ಜನರ ಕಣ್ಣು ಬಿದ್ದ ನೊಣ ಇನ್ನೊಂದಿರಲಿಲ್ಲ. ಆದರೂ ಅದರ ಜೊತೆಯಲ್ಲೇ ಬೆರೆತು ಓಡಾಡುವ ಇನ್ನೊಂದು ಪ್ರಭೇದ ಇದೆ ಅಂತ ಬೆಳಕಿಗೆ ಬಂದಿದ್ದು 1919ರಲ್ಲಿ. ಅದೇ ಲ್ಯಾಬ್‌ನ ಆಲ್ಫ್ರೆಡ್ ಸ್ಟರ್ಟೆವಂಟ್ ಅದಕ್ಕೆ ಡ್ರೊಸಾಫಿಲಾ ಸಿಮ್ಯುಲನ್ಸ್ ಎಂದು ಹೆಸರಿಟ್ಟರು.

ಹೆಣ್ಣುಗಳನ್ನು ಬೇರೆ ಮಾಡುವುದು ತಜ್ಞರಿಗೂ ಕಷ್ಟ. ಗಂಡಿನ ಹೊಟ್ಟೆಯ ತುದಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಸಿಮ್ಯುಲನ್ಸ್‌ನಲ್ಲಿ ಅಲ್ಲೊಂದು ದೊಡ್ಡ, ಗುಂಡಗಿನ ಹಾಳೆಯಂಥ ಭಾಗವಿದೆ. ಮೆಲನೊಗ್ಯಾಸ್ಟರ್‌ನಲ್ಲಿ ಅದೇ ಭಾಗ ಸಣ್ಣದು, ಕೊಕ್ಕೆಯಂತಿದೆ. ಸ್ಟರ್ಟೆವಂಟ್ ಆಕಾರವನ್ನಷ್ಟೇ ನೆಚ್ಚಿಕೊಳ್ಳಲಿಲ್ಲ. ಎರಡನ್ನೂ ಕೂಡಿಸಿ ನೋಡಿದರು. ಹುಟ್ಟಿದ ಮರಿಗಳು ಬಂಜೆಯಾಗಿದ್ದವು. ಎರಡು ಬೇರೆ ಬೇರೆ ಸಾಕ್ಷಿಗಳು ಒಂದೇ ಮಾತು ಹೇಳಿದವು. ನನ್ನ ಪ್ರಕಾರ ಪ್ರಭೇದ ಗುರುತಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಈಗ ಡಿಎನ್‌ಎ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. 2003ರಿಂದ ಡಿಎನ್‌ಎ ಬಾರ್‌ಕೋಡಿಂಗ್ ಬಳಕೆಗೆ ಬಂದಿದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಂದು ಜೀನಿನ 658 ಅಕ್ಷರಗಳ ತುಣುಕನ್ನು ಓದಿ ಹೋಲಿಸುತ್ತಾರೆ. ಸಾವಿರಾರು ನೊಣಗಳನ್ನು ಬೇಗ ಗುಂಪು ಮಾಡಲು, ಗಂಡು ಹೆಣ್ಣಿನ ಜೋಡಿ ಹೊಂದಿಸಲು ಇದು ದೊಡ್ಡ ವರ. ಆದರೆ ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವೂ ತಾಯಿಯಿಂದಲೇ ಮರಿಗೆ ಹೋಗುತ್ತದೆ. ಆ ಬ್ಯಾಕ್ಟೀರಿಯಾ ಹರಡಿದಂತೆ ಒಂದೇ ಬಗೆಯ ಮೈಟೊಕಾಂಡ್ರಿಯಾವೂ ಜೊತೆಗೆ ಹರಡಿಬಿಡಬಹುದು. ಆಗ ಬಾರ್‌ಕೋಡ್ ದಾರಿ ತಪ್ಪಿಸುತ್ತದೆ. ಆದ್ದರಿಂದ ಆಕಾರವೂ ಬೇಕು, ಡಿಎನ್‌ಎಯೂ ಬೇಕು.

[ದೃಶ್ಯ: ಮ್ಯೂಸಿಯಂ ಪೆಟ್ಟಿಗೆ. ಸೂಜಿಗೆ ಚುಚ್ಚಿದ ನೊಣ, ಕೆಳಗೆ ಕೆಂಪು ಚೀಟಿ.]

ಇನ್ನು ವಿವರಣೆ ಬರೆಯುವುದು. ಮೊದಲು ಆ ಕುಲದ ಬಗ್ಗೆ ಬಂದಿರುವ ಹಳೆಯ ಬರಹವನ್ನೆಲ್ಲ ಓದಬೇಕು, ಯಾವ ಭಾಷೆಯಲ್ಲಿದ್ದರೂ. ನೂರು ವರ್ಷದ ಹಿಂದಿನ ವಿವರಣೆಗಳಲ್ಲಿ ಎಷ್ಟೋ ಸಲ ಬಣ್ಣ, ಅಳತೆ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಆಗ ಮ್ಯೂಸಿಯಂನಲ್ಲಿರುವ ಮೂಲ ನೊಣವನ್ನೇ ನೋಡಬೇಕಾಗುತ್ತದೆ. ಆ ನೊಣ ಹಾಳಾಗಿದ್ದರೆ ಅಥವಾ ಅದು ಹೆಣ್ಣಾಗಿದ್ದರೆ ಕೆಲಸ ಅಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ.

ನಿಮ್ಮ ನೊಣಕ್ಕೂ ಹಾಗೊಂದು ಮೂಲ ಮಾದರಿ ಇರಲೇಬೇಕು. ಅದಕ್ಕೆ ಹೋಲೋಟೈಪ್ ಎನ್ನುತ್ತಾರೆ. ಹೆಸರು ಅಂಟಿಕೊಳ್ಳುವುದು ಆ ಒಂದೇ ನೊಣಕ್ಕೆ. 2000ದಿಂದ ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ನಿಯಮದ ಪ್ರಕಾರ, ಹೊಸ ಪ್ರಭೇದಕ್ಕೆ ಹೆಸರಿಡುವವರು ಮಾದರಿ ಯಾವುದು, ಅದನ್ನು ಯಾವ ಸಂಗ್ರಹದಲ್ಲಿ ಇಡುತ್ತಾರೆ ಎಂದು ಬರೆಯಲೇಬೇಕು. ಆನ್‌ಲೈನ್ ಪತ್ರಿಕೆಯಲ್ಲಷ್ಟೇ ಪ್ರಕಟವಾಗುವುದಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು.

ಬರಹದಲ್ಲಿ ತಲೆಯಿಂದ ಬಾಲದವರೆಗೆ ಉದ್ದನೆಯ ವರ್ಣನೆ ಇರುತ್ತದೆ. ಆದರೆ ಓದುವವರು ಮೊದಲು ಹುಡುಕುವುದು ಒಂದು ಚಿಕ್ಕ ಪ್ಯಾರಾವನ್ನು: ಹತ್ತಿರದ ಪ್ರಭೇದಗಳಿಂದ ಇದು ಯಾವುದರಲ್ಲಿ ಬೇರೆ? ಆ ಪ್ಯಾರಾ ಸಡಿಲವಾಗಿದ್ದರೆ ಉಳಿದ ಹತ್ತು ಪುಟ ಸುಮ್ನೆ. ಹೊಟ್ಟೆಯ ತುದಿಯ ಚಿತ್ರ ಸರಿಯಿಲ್ಲದಿದ್ದರೂ ಅಷ್ಟೇ.

[ದೃಶ್ಯ: ಮಾವಿನಹಣ್ಣಿನ ಮೇಲೆ ಕೂತ ಹಣ್ಣುನೊಣ.]

ಹೆಸರಿಟ್ಟ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಹಣ್ಣಿನೊಳಗೆ ಮೊಟ್ಟೆಯಿಡುವ ಬ್ಯಾಕ್ಟ್ರೊಸೆರಾ ಡೋರ್ಸಾಲಿಸ್ ಏಷ್ಯಾದ ದೊಡ್ಡ ಪೀಡೆ. 1912ರಲ್ಲಿ ಆಸ್ಟ್ರಿಯಾದ ಕೀಟತಜ್ಞ ಹೆಂಡೆಲ್ ವಿವರಿಸಿದ್ದು. 1994ರಲ್ಲಿ ಅದರ ಬಳಗವನ್ನು ಮತ್ತೆ ಪರಿಶೀಲಿಸಿದಾಗ ಪಪಾಯೆ, ಫಿಲಿಪ್ಪಿನೆನ್ಸಿಸ್, ಕರಂಬೋಲೆ ಮುಂತಾದ ಹೊಸ ಹೆಸರುಗಳು ಬಂದವು. 2003ರಲ್ಲಿ ಕೆನ್ಯಾದಲ್ಲಿ ಕಾಣಿಸಿಕೊಂಡ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂಬ ಹೆಸರು ಬಂತು. ಇವನ್ನು ಬೇರ್ಪಡಿಸುತ್ತಿದ್ದದ್ದು ಬಹಳ ಸೂಕ್ಷ್ಮ ವ್ಯತ್ಯಾಸಗಳು.

ಹೆಸರು ಬೇರೆಯಾದರೆ ರೈತನಿಗೇನು ಅಂತ ಅನ್ನಿಸಬಹುದು. ಬಹಳ ವ್ಯತ್ಯಾಸ ಇದೆ. ಹಣ್ಣು ಕೊಳ್ಳುವ ದೇಶಗಳು ಯಾವ ನೊಣ ಎಂದು ನೋಡಿಯೇ ಆಮದು ತಡೆಯುತ್ತವೆ. ಒಂದು ಪ್ರಭೇದವನ್ನು ಕೊಲ್ಲುವ ವಿಧಾನ ಗೊತ್ತಿದ್ದರೂ, ಇನ್ನೊಂದು ಹೆಸರಿನ ನೊಣಕ್ಕೆ ಅದನ್ನು ಮತ್ತೆ ಸಾಬೀತು ಮಾಡಬೇಕಾಗುತ್ತದೆ.

ಹಲವು ದೇಶಗಳ ವಿಜ್ಞಾನಿಗಳು ಸೇರಿ ಈ ನೊಣಗಳನ್ನು ಮತ್ತೆ ಪರೀಕ್ಷೆಗೆ ಹಚ್ಚಿದರು. ಆಕಾರ ಅಳೆದರು, ಜೀನ್ ಓದಿದರು, ಕೂಡಿಸಿ ಮರಿ ಮಾಡಿಸಿದರು, ಗಂಡು ಸೂಸುವ ವಾಸನೆಯ ರಸಾಯನಗಳನ್ನೂ ಹೋಲಿಸಿದರು. 2015ರಲ್ಲಿ ತೀರ್ಮಾನ ಬಂತು: ಪಪಾಯೆ, ಫಿಲಿಪ್ಪಿನೆನ್ಸಿಸ್, ಇನ್ವೇಡೆನ್ಸ್ ಎಲ್ಲವೂ ಡೋರ್ಸಾಲಿಸ್‌ನೇ. ಕರಂಬೋಲೆ ಮಾತ್ರ ಪ್ರತಿ ಪರೀಕ್ಷೆಯಲ್ಲೂ ಸ್ವಲ್ಪ ಸ್ವಲ್ಪ ಬೇರೆ ಕಂಡಿತು. ಅದರ ಹೆಸರು ಹಾಗೇ ಉಳಿಯಿತು.