ಕ್ಷಯಾರ್ಶ ಎಂಬ ರಾಜನ ಹಲವು ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಕನ್ನಡ ಬೈಬಲಿನಲ್ಲಿ ಎಸ್ತೇರಳ ಕಥೆ ಓದಿದವರಿಗೆ ಅಹಷ್ವೇರೋಷ ರಾಜ ಗೊತ್ತು. ಕ್ರಿ.ಪೂ. 480ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಹೋದ ಕ್ಸೆರ್ಕ್ಸಿಸ್ ಇತಿಹಾಸದ ಪಾಠದವನು. ಕಿವಿಗೆ ಎಷ್ಟೇ ದೂರ ಅನ್ನಿಸಲಿ, ಎರಡೂ ಒಂದೇ ಹೆಸರು.

ಪರ್ಷಿಯಾದ ಆ ದೊರೆ ತನ್ನ ಶಾಸನಗಳಲ್ಲಿ ಕೆತ್ತಿಸಿದ್ದು ಕ್ಷಯಾರ್ಶ ಎಂದು. ಹಳೆಯ ಪರ್ಷಿಯನ್ ಭಾಷೆ ಸಂಸ್ಕೃತದ ದಾಯಾದಿಯಲ್ಲವೇ, ಹಾಗಾಗಿ ನಮ್ಮ ನಾಲಿಗೆಗೆ ಇದು ಸಲೀಸು. ಮೊದಲಿನ 'ಕ್ಷ'ಕ್ಕೆ ಆಳುವುದು ಎಂಬ ಅರ್ಥ. 'ಕ್ಷತ್ರಿಯ'ದಲ್ಲಿರುವುದೂ ಅದೇ, 'ಬಾದಶಹ'ದ ಶಹ ಹುಟ್ಟಿದ್ದೂ ಅಲ್ಲಿಂದಲೇ. ಗ್ರೀಕರಿಗೆ 'ಶ' ಬಾರದು. 'ಕ್ಷ' ಹೋಗಿ 'ಕ್ಸ' ಆಯಿತು, ಕೊನೆಗೆ ಅವರ ಗಂಡಸರ ಹೆಸರಿನ ಬಾಲವೊಂದು ಅಂಟಿತು. ಬ್ಯಾಬಿಲೋನಿನವರು ಹಿಶಿಯಾರ್ಶು ಎಂದರು. ಹೀಬ್ರೂ ಮಾತಿನವರು, ನಾವು ಸ್ಕೂಲನ್ನು ಇಸ್ಕೂಲು ಮಾಡಿಕೊಂಡ ಹಾಗೆ, ಒತ್ತಕ್ಷರದ ಮುಂದೆ ಒಂದು 'ಅ' ಇಟ್ಟುಕೊಂಡು ಅಹಷ್ವೇರೋಷ ಎಂದರು. ಅದನ್ನೇ ಲ್ಯಾಟಿನ್ ಬೈಬಲ್ ಅಸುಏರುಸ್ ಎಂದು ಮೆತ್ತಗೆ ಮಾಡಿತು. ಎಸ್ತೇರಳ ಕಥೆಯನ್ನು ಗ್ರೀಕಿಗೆ ತಂದವರಂತೂ ಅರ್ತಕ್ಸೆರ್ಕ್ಸಿಸ್ ಎಂದು ಬೇರೊಬ್ಬ ರಾಜನ ಹೆಸರನ್ನೇ ಹಾಕಿಬಿಟ್ಟರು!

ಆದರೆ ಗ್ರೀಕರು ಹೆಸರು ಕೆಡಿಸಿದರೆಂದು ಬೈಯುವ ಹಾಗಿಲ್ಲ, ಮುಂದೆ ಆ ಶಾಸನಗಳನ್ನು ಓದಲು ನೆರವಾದದ್ದು ಅವರು ಬರೆದಿಟ್ಟದ್ದೇ. ಪರ್ಷಿಯಾದ ಹಳೆಯ ರಾಜಧಾನಿ ಪರ್ಸೆಪೊಲಿಸ್‌ನ ಬೆಣೆಲಿಪಿ, ಅಂದರೆ ಬೆಣೆಯಾಕಾರದ ಗೀಟುಗಳ ಬರಹ, ಯಾರಿಗೂ ಓದಲು ಬಾರದಿದ್ದ ಕಾಲ. 1802ರಲ್ಲಿ ಜರ್ಮನಿಯ ಗ್ಯೋಟಿಂಗೆನ್ ಊರಿನ ಶಾಲಾ ಮಾಸ್ತರು ಗ್ರೋಟೆಫೆಂಡ್ ಎರಡು ಶಾಸನಗಳ ನಕಲು ಹಿಡಿದು ಕೂತರು. 'ಇಂಥವನು, ಮಹಾರಾಜ, ರಾಜರ ರಾಜ, ಇಂಥವನ ಮಗ' ಎಂಬ ಧಾಟಿ ಇರಬೇಕೆಂದು ಊಹಿಸಿದರು. ಒಂದರಲ್ಲಿ ರಾಜನಾಗಿದ್ದವನು ಇನ್ನೊಂದರಲ್ಲಿ ಅಪ್ಪ. ಅವನ ಅಪ್ಪನ ಮುಂದೆ ಮಾತ್ರ 'ರಾಜ' ಎಂಬ ಪದವಿಲ್ಲ! ತಾತ ಪಟ್ಟವೇರಿಲ್ಲ, ಮಗ, ಮೊಮ್ಮಗ ಏರಿದ್ದಾರೆ. ಗ್ರೀಕ್ ಚರಿತ್ರೆಕಾರರು ಬರೆದಿಟ್ಟ ವಂಶಾವಳಿಯಲ್ಲಿ ಇದಕ್ಕೆ ಹೊಂದುವವರು ಹಿಸ್ಟಾಸ್ಪಿಸ್, ಡೇರಿಯಸ್, ಕ್ಸೆರ್ಕ್ಸಿಸ್. ಹೆಸರು ಸಿಕ್ಕಿತು, ಅಕ್ಷರಗಳು ಒಂದೊಂದಾಗಿ ಬಾಯಿಬಿಟ್ಟವು. ಎಲ್ಲವೂ ಸರಿಯಿರಲಿಲ್ಲ, ನಿಜ. ಅಲ್ಲಿನ ವಿದ್ವತ್ಸಭೆ ಅವರ ಲೇಖನವನ್ನು ಅಚ್ಚು ಹಾಕಿಸಲೂ ಇಲ್ಲ. 1805ರಲ್ಲಿ ಇನ್ನೊಬ್ಬರ ಪುಸ್ತಕದ ಅನುಬಂಧವಾಗಿ ಅದು ಹೊರಬಂತು.

ಗ್ರೋಟೆಫೆಂಡ್ ಊಹೆ ಸರಿ ಎಂಬುದಕ್ಕೆ ಸಾಕ್ಷಿ ಬಂದದ್ದು ಈಜಿಪ್ಟಿನ ಕಡೆಯಿಂದ. ಪ್ಯಾರಿಸಿನಲ್ಲಿ ಬಿಳಿಗಲ್ಲಿನ ಒಂದು ಜಾಡಿ ಇತ್ತು. ಅದರ ಮೇಲೆ ಮೂರು ಸಾಲು ಬೆಣೆಲಿಪಿ, ಪಕ್ಕದಲ್ಲೇ ಈಜಿಪ್ಟಿನ ಚಿತ್ರಲಿಪಿ. ಚಿತ್ರಲಿಪಿಯನ್ನು ಆಗಷ್ಟೇ ಬಿಡಿಸಿದ್ದ ಫ್ರಾನ್ಸಿನ ವಿದ್ವಾಂಸ ಶಾಂಪೊಲಿಯೋ 1820ರ ದಶಕದ ಆರಂಭದಲ್ಲಿ ಅದನ್ನು ಓದಿ ನೋಡಿದರು. ಅಲ್ಲಿದ್ದದ್ದು ಗ್ರೋಟೆಫೆಂಡ್ ಹೇಳಿದ್ದ ಕ್ಸೆರ್ಕ್ಸಿಸನ ಹೆಸರೇ.

ನಮಸ್ಕಾರ.