ಊರ ಕುರುಕ್ಷೇತ್ರ

ಕೇಳುಗರಿಗೆಲ್ಲ ನಮಸ್ಕಾರ.

ತುಮಕೂರು, ಮಂಡ್ಯ, ಹಾಸನದ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ಗೋಡೆಗಳ ಮೇಲೆ ಪೋಸ್ಟರ್ ಕಾಣಿಸತೊಡಗುತ್ತವೆ. 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಎಂಬ ಪೌರಾಣಿಕ ನಾಟಕ. ಕೆಳಗೆ ಪಾತ್ರಧಾರಿಗಳ ಫೋಟೊ. ಶ್ರೀಕೃಷ್ಣ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವರು, ದುರ್ಯೋಧನ ಟ್ರ್ಯಾಕ್ಟರ್ ಓಡಿಸುವವರು, ಶಕುನಿ ನಿವೃತ್ತ ಮೇಷ್ಟ್ರು. ಇವತ್ತಿಗೂ ಅಂಥ ಪೋಸ್ಟರ್ ಕಂಡರೆ ನಾನು ನಿಂತು ಪೂರ್ತಿ ಓದುತ್ತೇನೆ.

ನನಗೆ ನಾಟಕದ ಹುಚ್ಚು ಹತ್ತಿದ್ದು ಇಲ್ಲಿಂದಲೇ. ಆಮೇಲೆ ಮೈಸೂರಿನ ರಂಗಾಯಣ ತಂಡದ ನಾಟಕ, ಹೆಗ್ಗೋಡಿನ ನೀನಾಸಂನವರು ಊರೂರು ಸುತ್ತಿ ಆಡುವ ತಿರುಗಾಟ, ಬೆಂಗಳೂರಿನ ರಂಗಶಂಕರ ರಂಗಮಂದಿರ ಎಲ್ಲ ನೋಡಿದೆ. ಅವುಗಳಿಂದ ಕಣ್ಣು ತೆರೆಯಿತು, ಮನಸ್ಸು ತುಂಬಿತು. ಆದರೂ ಊರ ನಾಟಕದಲ್ಲಿ ಸಿಗುವ ಒಂದು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕಿರೀಟದ ಕೆಳಗಿರುವ ಮನುಷ್ಯ ಯಾರು ಅಂತ ನಮಗೆ ಗೊತ್ತಿರುತ್ತದೆ. ಅವರ ಮನೆ, ಜಗಳ, ಸಾಲ, ಮಕ್ಕಳ ಮದುವೆ ಎಲ್ಲವೂ ಗೊತ್ತು. ಕರ್ಣನನ್ನು ನೋಡುವಾಗ ಅವರನ್ನೂ ನೋಡುತ್ತಿರುತ್ತೇವೆ.

ನಮ್ಮ ಕಡೆ ಒಬ್ಬ ರೈತರು, ತಾಯಿ ತೀರಿಕೊಂಡ ವರ್ಷವೇ ಕರ್ಣನ ಪಾತ್ರ ಮಾಡಿದರು. ನದಿ ತೀರದಲ್ಲಿ ಕುಂತಿ ಬಂದು 'ಮಗನೇ' ಎಂದಾಗ ಅವರಿಗೆ ಹಾಡು ಹೊರಡಲಿಲ್ಲ. ಹಾಡು ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ನಿಲ್ಲಿಸದೆ ಅದೇ ರಾಗವನ್ನು ನುಡಿಸುತ್ತಾ ಹೋದರು. ಕೆಳಗೆ ಕೂತವರಿಗೆಲ್ಲ ವಿಷಯ ಗೊತ್ತಿತ್ತು. ಒಬ್ಬರೂ ಸಿಳ್ಳೆ ಹಾಕಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಶ್ರುತಿ ಹಿಡಿದು ಹಾಡಿದರು. ಅಂಥ ಕರ್ಣನನ್ನು ನಾನು ಮತ್ತೆ ನೋಡಿಲ್ಲ.

ಇದರ ಹಿಂದೆ ತಿಂಗಳುಗಟ್ಟಲೆ ತಾಲೀಮು ಇರುತ್ತದೆ. ರಾತ್ರಿ ಊಟ ಮುಗಿಸಿ ಶಾಲೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಎಲ್ಲರೂ ಸೇರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಮೊದಲು ಒಬ್ಬೊಬ್ಬರ ಗಂಟಲು ನೋಡುತ್ತಾರೆ. ಇವರಿಗೆ ಬಿಳಿ ನಾಲ್ಕು, ಅವರಿಗೆ ಕಪ್ಪು ಎರಡು ಅಂತ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಶ್ರುತಿ ಗೊತ್ತು ಮಾಡುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ಕಂದಪದ್ಯ ಬಾಯಿಪಾಠ ಮಾಡುತ್ತಾರೆ. ಸಂಗೀತ ಕಲಿಯದವರ ಬಾಯಲ್ಲಿ ಮೋಹನ, ಹಿಂದೋಳ, ಕಾಪಿ ರಾಗಗಳು ನಿಧಾನವಾಗಿ ಕೂರುತ್ತವೆ. ಈ ಮೇಷ್ಟ್ರುಗಳಿಗೆ ನಾವು ಕೊಡಬೇಕಾದ ಗೌರವ ಕೊಟ್ಟಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಹಳ್ಳಿಹಳ್ಳಿಗೆ ರಾಗ ಮುಟ್ಟಿಸಿದವರು ಅವರೇ ಅಲ್ವಾ?

ಖರ್ಚೂ ಜಾಸ್ತಿಯೇ. ಸೀನರಿ, ಡ್ರೆಸ್, ಮೈಕ್ ಸೆಟ್, ತಬಲದವರು, ಸ್ತ್ರೀ ಪಾತ್ರಕ್ಕೆ ಪಟ್ಟಣದಿಂದ ಬರುವ ಕಲಾವಿದೆಯರು, ಎಲ್ಲಕ್ಕೂ ದುಡ್ಡು ಬೇಕು. ಪಾತ್ರ ಮಾಡುವವರೇ ಕೈಯಿಂದ ಹಾಕುತ್ತಾರೆ. ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಒಂದು ರಾತ್ರಿ ದುರ್ಯೋಧನ ಆಗಲು ಕೂಡಿಟ್ಟ ಹಣ ಕೊಡುವವರಿದ್ದಾರೆ. ಸುಮ್ನೆ ದುಂದು ಅನ್ನುವವರೂ ಇದ್ದಾರೆ. ನಾನು ಹಾಗೆ ಅನ್ನಲಾರೆ.

ಈ ಮಟ್ಟುಗಳು, ಪರದೆಗಳು, ಗತ್ತು ಬಹುಪಾಲು ಕಂಪನಿ ನಾಟಕಗಳಿಂದ, ಅಂದರೆ ಊರೂರು ಸುತ್ತುವ ವೃತ್ತಿ ತಂಡಗಳ ನಾಟಕಗಳಿಂದ ಬಂದವು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡನ್ನೆಲ್ಲ ಸುತ್ತಿತು. ತಮ್ಮ ಕುರುಕ್ಷೇತ್ರಕ್ಕೆ ಅವರು ನಿಜವಾದ ಆನೆ ಕುದುರೆಗಳನ್ನೇ ತಂದಿದ್ದರು. ಮುಂದೆ ರಾಜ್‌ಕುಮಾರ್ ಆದ ಮುತ್ತುರಾಜ ಆ ಕಂಪನಿಯಲ್ಲಿ ಬೆಳೆದ ಹುಡುಗ. ಊರವರಿಗೆ ಆನೆ ತರಲು ಆಗುವುದಿಲ್ಲ. ಹಾಡನ್ನು ಮಾತ್ರ ಬಿಡಲಿಲ್ಲ.

ನನಗೆ ಬಹಳ ಇಷ್ಟ ಶಯನಗೃಹದ ದೃಶ್ಯ. ಕೃಷ್ಣ ಮಲಗಿದ್ದಾನೆ. ದುರ್ಯೋಧನ ಮೊದಲು ಬಂದು ತಲೆಯ ಬಳಿ ಕೂರುತ್ತಾನೆ. ಅರ್ಜುನ ಬಂದು ಕಾಲ ಬಳಿ ನಿಲ್ಲುತ್ತಾನೆ. ಕಣ್ಣು ತೆರೆದ ಕೃಷ್ಣನಿಗೆ ಮೊದಲು ಕಾಣುವುದು ಯಾರು ಅಂತ ಮಗುವಿಗೂ ಗೊತ್ತು. ಆದರೂ ಎಲ್ಲರೂ ಕತ್ತು ಚಾಚುತ್ತಾರೆ. ಇಲ್ಲಿ ಮೂವರೂ ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಹಾಡಬೇಕು. ಹಾಡು ಕಟ್ಟಿದರೆ 'ಒನ್ಸ್ ಮೋರ್' ಕೂಗು ಬೀಳುತ್ತದೆ, ಯಾರೋ ಮೇಲೆ ಹತ್ತಿ ಹಾರ ಹಾಕುತ್ತಾರೆ. ಕಥೆ ಅಲ್ಲಿಯೇ ನಿಲ್ಲುತ್ತದೆ. ನಿಲ್ಲಲಿ. ಬೆಳಗಿನವರೆಗೆ ಸಮಯ ಇದೆ.

ನಿಮ್ಮ ಹತ್ತಿರದ ಊರಲ್ಲಿ ನಾಟಕ ಇದ್ದರೆ ದಯವಿಟ್ಟು ಹೋಗಿ. ಒಂದು ಕಂಬಳಿ ತಗೊಂಡು ಹೋಗಿ, ರಾತ್ರಿ ಚಳಿ ಇರುತ್ತದೆ. ಪಾತ್ರಧಾರಿಗಳು ಯಾರೂ ಪರಿಚಯ ಇಲ್ಲದಿದ್ದರೆ ಪಕ್ಕದಲ್ಲಿ ಕೂತವರನ್ನು ಕೇಳಿ. ಅವರ ಅಣ್ಣನೋ ಭಾವನೋ ಮೇಲೆ ಇರುತ್ತಾರೆ, ಎಲ್ಲ ಹೇಳುತ್ತಾರೆ. ಸಾಧ್ಯವಾದರೆ ಅದಕ್ಕೂ ಮುಂಚೆ ಒಂದು ರಾತ್ರಿ ತಾಲೀಮಿಗೂ ಹೋಗಿ ಕೂತು ಬನ್ನಿ. ಯಾರೂ ಬೇಡ ಅನ್ನುವುದಿಲ್ಲ.

ನಮಸ್ಕಾರ.