ನೀರಿನ ಬ್ಯಾಕ್ಟೀರಿಯಕ್ಕೆ ಮೂಗೇಕೆ ಮುಚ್ಚಿಕೊಳ್ಳಬೇಕು?

ನಮಸ್ಕಾರ. ಹಾಸನದಲ್ಲಿ ಎಂಎಸ್‌ಸಿ ಓದುತ್ತಿರುವ ವೀಕ್ಷಕಿಯೊಬ್ಬರು ಕೇಳಿದ್ದಾರೆ: "ಸರ್, ಲೀಜನೆಲ್ಲಾ ನೀರಿನಲ್ಲಿರುವ ಬ್ಯಾಕ್ಟೀರಿಯ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎನ್ನುತ್ತಾರೆ. ಹಾಗಿದ್ದಮೇಲೆ ಲ್ಯಾಬಿನಲ್ಲಿ ಇಷ್ಟೊಂದು ಮಡಿ ಏಕೆ? ಸಕಲೇಶಪುರದ ಹೋಂಸ್ಟೇಗಳ ಸೋಲಾರ್ ನೀರು ಪರೀಕ್ಷಿಸುವುದು ನಮ್ಮ ಪ್ರಾಜೆಕ್ಟ್."

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. 1976ರ ಜುಲೈ, ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ. ನ್ಯುಮೋನಿಯಾ ಬಂದು 34 ಜನ ಸತ್ತರು. ಕಾರಣವಾದ ಈ ಲೀಜನೆಲ್ಲಾ ಸಿಕ್ಕಿದ್ದು ಆರು ತಿಂಗಳ ನಂತರ, ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿಗೆ. ಉಗುರುಬೆಚ್ಚಗಿನ ನಿಂತ ನೀರೆಂದರೆ ಇದಕ್ಕೆ ಪ್ರೀತಿ. ಅಲ್ಲಿ ಅಮೀಬಾದ ಹೊಟ್ಟೆಯೊಳಗೆ ಬೆಳೆಯುತ್ತದೆ.

ಈಗ ವಿಷಯಕ್ಕೆ ಬರೋಣ. ಆ ನೀರು ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ಶ್ವಾಸಕೋಶದ ತಳ ಮುಟ್ಟಿದರೆ ಕಷ್ಟ. ಅಲ್ಲಿ ಕಾವಲಿರುವ ಬಿಳಿ ರಕ್ತಕಣ ಅದನ್ನು ನುಂಗುತ್ತದೆ. ಅಮೀಬಾದೊಳಗೇ ಸಂಸಾರ ಮಾಡಿದ ಜೀವಿಗೆ ಅದು ಇನ್ನೊಂದು ಬಾಡಿಗೆ ಮನೆ, ಅಷ್ಟೇ.

ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದನ್ನು ನೆನಪಿಸಿಕೊಳ್ಳಿ. ಬಾಣಲೆಯ ಹತ್ತಿರ ನಿಂತವರು ಒಬ್ಬರು, ಕೆಮ್ಮುವವರು ಓಣಿಯವರೆಲ್ಲ. ಆ ಘಾಟು ಕನಿಷ್ಠ ತಾನು ಬಂದೆನೆಂದು ಹೇಳಿ ಬರುತ್ತದೆ. ಲೀಜನೆಲ್ಲಾ ಹನಿಗೆ ಘಾಟೂ ಇಲ್ಲ, ವಾಸನೆಯೂ ಇಲ್ಲ.

[ಪರದೆಯ ಮೇಲೆ: ಪಾಂಟಿಯಾಕ್, 1968]

ನನ್ನ ಮೆಚ್ಚಿನ ಕಥೆ ಇದು. ಅಮೆರಿಕದ ಪಾಂಟಿಯಾಕ್ ಊರಿನ ಆರೋಗ್ಯ ಇಲಾಖೆಯ ಕಟ್ಟಡದಲ್ಲೇ, ಹೌದು, ಆರೋಗ್ಯ ಇಲಾಖೆಯಲ್ಲೇ, 144 ಜನರಿಗೆ ಜ್ವರ ಬಂತು. ತನಿಖೆಗೆಂದು ಬಂದ ತಜ್ಞರೂ ಮಲಗಿದರು! ಹವಾನಿಯಂತ್ರಣ ವ್ಯವಸ್ಥೆಯ ದೋಷದಿಂದ ಕಲುಷಿತ ನೀರಿನ ತುಂತುರು ಗಾಳಿಯ ಕೊಳವೆಗೆ ಸೇರುತ್ತಿತ್ತು. ಯಾರೂ ಸಾಯಲಿಲ್ಲ, ಪುಣ್ಯ. ಕಾರಣ ಮಾತ್ರ ಆಗ ತಿಳಿಯಲಿಲ್ಲ. ಫಿಲಡೆಲ್ಫಿಯಾದ ಬ್ಯಾಕ್ಟೀರಿಯ ಸಿಕ್ಕ ಮೇಲೆ ಹಳೆಯ ಮಾದರಿಗಳನ್ನು ಹೊರತೆಗೆದು ನೋಡಿದರೆ ಅಲ್ಲೂ ಇದೇ ಲೀಜನೆಲ್ಲಾ. ಸೂಕ್ಷ್ಮಜೀವಿ ಹುಡುಕುವವರ ಮೂಗನ್ನೇ ಅದು ಮೊದಲು ಹುಡುಕಿತ್ತು.

ಹಾಗಾದರೆ ಲ್ಯಾಬಿನಲ್ಲಿ ತುಂತುರು ಏಳುವುದು ಎಲ್ಲಿಂದ? ಟ್ಯೂಬ್ ಕುಲುಕುವ ವೋರ್ಟೆಕ್ಸ್, ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್, ಪಿಪೆಟ್ಟಿನ ಕೊನೆಯ ಹನಿಯನ್ನು ಫುಸ್ಸೆಂದು ಊದುವುದು, ಕೆಂಪಗೆ ಕಾಯಿಸಿದ ತಂತಿಯ ಲೂಪನ್ನು ಆರಿಸದೆ ದ್ರವಕ್ಕೆ ಅದ್ದುವುದು. ಮುಚ್ಚಿಟ್ಟ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯದ ಗುಂಪಿಗಿಂತ (ಕಾಲೊನಿ) ಈ ದ್ರವದ ಕೆಲಸಗಳೇ ಅಪಾಯ. ಇವೆಲ್ಲ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ನಡೆಯಬೇಕು. ಸೆಂಟ್ರಿಫ್ಯೂಜ್ ಹೊರಗಿದ್ದರೆ ಅದರ ಕಪ್ಪುಗಳಿಗೆ ಬಿಗಿ ಮುಚ್ಚಳ ಬೇಕು, ಆ ಮುಚ್ಚಳ ತೆಗೆಯುವುದು ಕ್ಯಾಬಿನೆಟ್ಟಿನೊಳಗೆ.

"ನಮ್ಮಲ್ಲಿ ಲ್ಯಾಮಿನಾರ್ ಇದೆ, ಸಾಲದೇ?" ಸಾಲದು. ಒಳಗೋಡೆಯಿಂದ ಗಾಳಿ ಬೀಸುವ ಲ್ಯಾಮಿನಾರ್ ಕಾಪಾಡುವುದು ತಟ್ಟೆಯನ್ನು, ನಿಮ್ಮನ್ನಲ್ಲ. ಶುದ್ಧ ಗಾಳಿ ತಟ್ಟೆಯ ಮೇಲೆ ಹಾದು ನೇರವಾಗಿ ನಿಮ್ಮ ಮುಖಕ್ಕೆ ಬರುತ್ತದೆ, ದಾರಿಯಲ್ಲಿ ಎದ್ದ ಹನಿಗಳನ್ನೂ ಹೊತ್ತು. ಸುರಕ್ಷತಾ ಕ್ಯಾಬಿನೆಟ್ಟಿನಲ್ಲಿ ಎದುರಿನ ಗಾಳಿ ಒಳಗೆ ಸರಿಯುತ್ತದೆ, ಸೂಕ್ಷ್ಮ ಕಣಗಳನ್ನು ತಡೆಯುವ ಹೆಪಾ ಫಿಲ್ಟರ್ ದಾಟಿಯೇ ಹೊರಹೋಗುತ್ತದೆ. ನೋಡಲು ಎರಡೂ ಗಾಜಿನ ಬಾಗಿಲಿನ ಪೆಟ್ಟಿಗೆಗಳೇ. ಎರಡಕ್ಕೂ ಒಂದೇ ಹೆಸರಿಟ್ಟು ಕರೆಯುವ ಅಭ್ಯಾಸ ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಮಯವಾಗುತ್ತಿದೆ, ಉಳಿದದ್ದು ಓಟದಲ್ಲಿ. ಹೋಂಸ್ಟೇಯಲ್ಲಿ ಮಾದರಿ ಹಿಡಿಯುವಾಗ ಶವರ್ ರಭಸವಾಗಿ ಬಿಡಬೇಡಿ. ಶವರಿನ ತಲೆ ಬಿಚ್ಚಿ ನಿಧಾನವಾಗಿ ಹರಿಸಿ, ಎನ್95 ಹಾಕಿಕೊಳ್ಳಿ. ಮಳೆಗಾಲದಲ್ಲಿ ಅತಿಥಿಗಳಿಲ್ಲದೆ ಮುಚ್ಚಿದ್ದ ಕೋಣೆಯಾದರೆ ಇನ್ನಷ್ಟು ಎಚ್ಚರ. ಕ್ಲೋರಿನ್ ಹಾಕಿದ ನೀರಾದರೆ ಬಾಟಲಿಯಲ್ಲಿ ಮೊದಲೇ ಕ್ಲೋರಿನ್ನಿನ ಪ್ರಭಾವ ತಗ್ಗಿಸುವ ಸೋಡಿಯಂ ಥಯೋಸಲ್ಫೇಟ್ ಇರಲಿ. ಬ್ಯಾಕ್ಟೀರಿಯ ಬೆಳೆಸಿದ ಕಲ್ಚರ್ ತಟ್ಟೆಗಳನ್ನು ಒತ್ತಡದ ಹಬೆಯಲ್ಲಿ ಕಾಯಿಸದೆ (ಆಟೋಕ್ಲೇವ್ ಮಾಡದೆ) ಎಸೆಯಬೇಡಿ. ಇನ್ನೊಂದು ತಮಾಷೆ: ಲ್ಯಾಬಿನ ಕಣ್ಣು ತೊಳೆಯುವ ನಲ್ಲಿಯಲ್ಲೂ ವರ್ಷಗಟ್ಟಲೆ ನೀರು ನಿಂತಿರುತ್ತದೆ. ವಾರಕ್ಕೊಮ್ಮೆ ಹರಿಸಿ.

ಲ್ಯಾಬ್ ಕೆಲಸದ ನಂತರ ಎರಡು ವಾರದೊಳಗೆ ಜ್ವರ, ಕೆಮ್ಮು ಬಂದರೆ ವೈದ್ಯರಿಗೆ ಲೀಜನೆಲ್ಲಾ ಹೆಸರನ್ನು ನೀವೇ ಹೇಳಿ. ಜೀವಕೋಶದೊಳಗೆ ಅಡಗಿರುವ ಇದಕ್ಕೆ ಅಮಾಕ್ಸಿಸಿಲಿನ್ ನಾಟುವುದಿಲ್ಲ. ಅಜಿಥ್ರೊಮೈಸಿನ್ ಅಥವಾ ಲಿವೊಫ್ಲಾಕ್ಸಸಿನ್ ಬೇಕಾಗುತ್ತದೆ. ಮೂತ್ರ ಪರೀಕ್ಷೆ ಮುಖ್ಯವಾಗಿ ಲೀಜನೆಲ್ಲಾದ ಒಂದೇ ಬಗೆಯನ್ನು ಹಿಡಿಯುತ್ತದೆ. ಆದ್ದರಿಂದ ಅದರಲ್ಲಿ ನೆಗೆಟಿವ್ ಬಂದರೂ ಕಫದ ಪರೀಕ್ಷೆ ಮಾಡಿಸಲು ಕೇಳಿ.